ಗೆರೆಪೆಟ್ಟಿಗೆಯ ಮುಪ್ಪು

ನಮ್ಮೂರಿಗೆ ಕರೆಂಟು ಬಂಡೆಯಿಂದ ಬರುತ್ತದೆ. ಊರಿನ ಪಡುವಣ ಅಂಚಿನಲ್ಲಿ, ಮಂಡಕ್ಕಿ ಭಟ್ಟಿಗಳೆಲ್ಲ ಮುಗಿದ ಮೇಲೆ, ಎಮ್ಮೆ ಮೈಚೆಲ್ಲಿ ಕೂತ ಹಾಗೆ ಒಂದು ಕರಿಬಂಡೆ ಇದೆ. ಅದರ ಸೀಳಿನೊಳಗೆ ಎರಡು ತಾಮ್ರದ ಸಲಾಕೆ ಇಳಿಬಿಟ್ಟಿದ್ದಾರೆ. ಯಾರು ಇಳಿಬಿಟ್ಟರೋ, ನನ್ನ ಅಜ್ಜಿ ಈ ಊರಿಗೆ ಸೊಸೆಯಾಗಿ ಬಂದಾಗಲೇ ಅವು ಹಸಿರುಗಟ್ಟಿದ್ದವಂತೆ. ಸಲಾಕೆಯಿಂದ ತಂತಿ, ತಂತಿಯಿಂದ ಕಂಬ, ಕಂಬದಿಂದ ನಮ್ಮ ನಮ್ಮ ಮನೆ. ಪರವೂರಿನವರು ಬಂದರೆ ಬಂಡೆಯ ಸುತ್ತ ತಿರುಗಿ, ತಟ್ಟಿ ನೋಡಿ, ಕಿವಿ ಇಟ್ಟು ಕೇಳಿ, ಕೊನೆಗೆ ನಮ್ಮ ಮುಖ ನೋಡುತ್ತಾರೆ. ನಾವು ಮಂಡಕ್ಕಿ ಮೆಣಸಿನಕಾಯಿ ಕೊಟ್ಟು ಕಳಿಸುತ್ತೇವೆ. ಬೇರೆ ಏನು ಹೇಳುವುದು?

ಬಂಡೆಯ ಕರೆಂಟಿಗೆ ದಿನಕ್ಕೊಂದು ಗುಣ. ಒಂದು ದಿನ ದುಂಡಗೆ, ಹದವಾಗಿ ಬರುತ್ತದೆ. ಅವತ್ತು ಗಿರಣಿ, ರುಬ್ಬುವ ಕಲ್ಲು ಎಲ್ಲ ನಡೆಯುತ್ತವೆ. ಇನ್ನೊಂದು ದಿನ ಗರಗಸದ ಹಾಗೆ ಬರುತ್ತದೆ. ಅವತ್ತು ಯಾರೂ ರೇಡಿಯೋ ಮುಟ್ಟುವುದಿಲ್ಲ, ದರ್ಜಿಗಳು ಮೋಟರು ಕಳಚಿಟ್ಟು ಕಾಲಲ್ಲಿ ತುಳಿಯುತ್ತಾರೆ. ಮತ್ತೊಂದು ದಿನ ಜೋಲುಬಿದ್ದು ಬರುತ್ತದೆ. ಬಲ್ಬು ಬೀಡಿಯ ತುದಿಯಷ್ಟೇ ಕೆಂಪಗಿರುತ್ತದೆ, ಇಸ್ತ್ರಿ ಅಂಗಡಿಯ ಚೌಡಪ್ಪ ಗೊಣಗುತ್ತಾ ಇದ್ದಿಲು ತುಂಬುತ್ತಾನೆ. ಇದನ್ನೆಲ್ಲ ಬೆಳಿಗ್ಗೆಯೇ ತಿಳಿದುಕೊಳ್ಳುವುದಕ್ಕೆ ಹಳೇ ಚಾವಡಿಯ ಪಕ್ಕದಲ್ಲಿ ಗೆರೆಮನೆ ಇದೆ. ಗೆರೆಮನೆಯೊಳಗೆ ಗೆರೆಪೆಟ್ಟಿಗೆ. ಓದಿದವರು ಅದನ್ನು ಆಸಿಲೋಸ್ಕೋಪ್ ಅನ್ನುತ್ತಾರೆ. ಕಬ್ಬಿಣದ ಮೈ, ಊಟದ ತಟ್ಟೆಗಿಂತ ಚಿಕ್ಕದಾದ ದುಂಡು ಗಾಜು, ಅದರ ಕೆಳಗೆ ಸಾಲಾಗಿ ಕರಿ ಗುಂಡಿಗಳು. ಸ್ವಿಚ್ಚು ಹಾಕಿದರೆ ಒಳಗಿನ ವಾಲ್ವುಗಳು ನಿಧಾನವಾಗಿ ಕೆಂಪಾಗುತ್ತವೆ, ಬಿಸಿ ಮೇಣದ ವಾಸನೆ ಬರುತ್ತದೆ, ಆಮೇಲೆ ಗಾಜಿನ ನಡುವೆ ಒಂದು ಹಸಿರು ಚುಕ್ಕೆ ಮೂಡಿ, ಚುಕ್ಕೆ ಹಿಗ್ಗಿ ಗೆರೆಯಾಗುತ್ತದೆ. ಆ ಗೆರೆಯೇ ಅವತ್ತಿನ ಕರೆಂಟು. ನಾನು ಅದನ್ನು ನೋಡಿ, ಹೊರಗೆ ಬಂದು, ಸಾರಿಸಿದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಇದ್ದ ಹಾಗೇ ಬಿಡಿಸುತ್ತೇನೆ. ಹಾಲಿನವಳಿಂದ ಹಿಡಿದು ಎಲ್ಲರೂ ಬಗ್ಗಿ ನೋಡಿ ಹೋಗುತ್ತಾರೆ.

ನನಗಿಂತ ಮೊದಲು ಈ ಕೆಲಸ ನಮ್ಮ ಸೋದರತ್ತೆಯದು. ಅವಳ ಕೈ ನಡುಗಲು ಶುರುವಾದ ಮೇಲೆ ನನಗೆ ಬಂತು. ಅಕ್ಷರ ಕಲಿತದ್ದು ಬಹಳ ತಡವಾಗಿ, ಮೊಮ್ಮಗಳು ಹುಟ್ಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಗೆರೆ ಮಾತ್ರ ಅದಕ್ಕೂ ಮೊದಲೇ ಬರುತ್ತಿತ್ತು.

ಗೆರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗುಳಿ. ಅಲೆ ಎದ್ದು ಇಳಿಯುವಲ್ಲಿ, ಬಲಗಡೆಯ ಹೆಗಲ ಮೇಲೆ, ಮಗುವಿನ ಕೆನ್ನೆಯಲ್ಲಿ ಬಿದ್ದ ಹಾಗೆ ಒಂದು ಸಣ್ಣ ಗುಳಿ ಬೀಳುತ್ತದೆ. ತೇಲುಗುಳಿಯಾದರೆ ಯೋಚನೆಯಿಲ್ಲ. ಗುಳಿ ಆಳವಾದರೆ ಅವತ್ತು ಮಧ್ಯಾಹ್ನ ಕರೆಂಟು ನಿಂತೇ ನಿಲ್ಲುತ್ತದೆ. ಎಷ್ಟು ಆಳವೋ ಅಷ್ಟು ಹೊತ್ತು. ಮದುವೆಮನೆಯವರು, ಐಸ್‌ಕ್ಯಾಂಡಿಯವರು, ಆಸ್ಪತ್ರೆಯವರು, ಎಲ್ಲರೂ ಮೊದಲು ನೋಡುವುದು ಆ ಹೆಗಲನ್ನೇ.

ಕರೆಂಟಿನ ವಿಚಾರದಲ್ಲಿ ಜಗಳ ಬಂದರೆ ತೀರ್ಮಾನಕ್ಕೂ ಒಂದು ಪದ್ಧತಿ ಇದೆ. ಅವತ್ತು ಕರೆಂಟು ಹೋದರೆ ಯಾರಿಗೆ ಹೆಚ್ಚು ನಷ್ಟವೋ ಅವರ ಮಾತೇ ಕೊನೆ. ಒಂದು ಸಲ ಗಿರಣಿಯ ರುದ್ರಪ್ಪನೂ ಮದುವೆಮನೆಯವರೂ ಕೈಕೈ ಮಿಲಾಯಿಸುವ ಹೊತ್ತಿಗೆ, ಅರ್ಧ ತಲೆಗೆ ಮೆಷಿನ್ ಹೊಡೆಸಿಕೊಂಡಿದ್ದ ಮದುಮಗ ಕ್ಷೌರದಂಗಡಿಯಿಂದ ಟವೆಲ್ ಹೊದ್ದುಕೊಂಡು ಬಂದು ನಿಂತ. ಅವತ್ತು ಅವನ ಮಾತೇ ನಡೆಯಿತು.

ಈಚೆಗೆ ಪೆಟ್ಟಿಗೆಗೆ ವಯಸ್ಸಾಗಿತ್ತು. ಗೆರೆ ಮೂಡುವುದಕ್ಕೆ ತುಂಬ ಹೊತ್ತು ಹಿಡಿಯುತ್ತಿತ್ತು. ಮೂಡಿದರೂ ಗಾಜಿನ ಅಂಚು ಮುಟ್ಟುತ್ತಿರಲಿಲ್ಲ, ಒಗೆದ ಬಟ್ಟೆಯ ಹಾಗೆ ಕುಗ್ಗಿತ್ತು. ಮೇಣದ ವಾಸನೆಯ ಜೊತೆಗೆ ಸುಟ್ಟ ವಾಸನೆಯೂ ಸೇರಿತು. ರೇಡಿಯೋ ರಿಪೇರಿಯ ಮೌಲಾಲಿಯನ್ನು ಕರೆಸಿದೆ. ಅವನು ನನ್ನ ಮಗನ ವಯಸ್ಸಿನವನು, ಮಾತು ಕಮ್ಮಿ, ಬೀಡಾ ಜಾಸ್ತಿ. ಹಿಂದಿನ ತಗಡು ಬಿಚ್ಚಿ, ಮೂಗು ಒಳಗಿಟ್ಟು ಮೂಸಿದ.

"ಅಜ್ಜಿ, ಕಂಡೆನ್ಸರ್ ಎಲ್ಲ ಬೆವತಾವೆ," ಅಂದ.

ನೋಡಿದೆ. ಬೆರಳುದ್ದದ ಕಾಗದದ ಉರುಳೆಗಳು, ಮೈಗೆ ಮೇಣ ಮೆತ್ತಿದ್ದು. ಮೇಣ ಕರಗಿ ಹನಿಹನಿಯಾಗಿ ಇಳಿದು, ಒಂದು ಗುಂಡಿಯ ಬುಡದಲ್ಲಿ ಗಟ್ಟಿಯಾಗಿ ಕೂತಿತ್ತು. ಎಡತುದಿಯ ಆ ಗುಂಡಿ ನಾನು ಬಂದಾಗಿನಿಂದ ತಿರುಗಿದ್ದೇ ಇಲ್ಲ.

"ಒಳಗೊಳಗೇ ಸೋರ್ತಾವೆ. ಒಂದು ಬೆಳಿಗ್ಗೆ ಯಾವುದಾದ್ರೂ ಒಂದು ಪೂರ್ತಿ ಬಾಯಿಬಿಡ್ತೈತೆ. ಬಿಡ್ತು ಅಂದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟೋಗ್ತೈತೆ. ಅದು ಸುಟ್ರೆ ನಾನಲ್ಲ, ನಮ್ಮಪ್ಪ ಎದ್ದು ಬಂದ್ರೂ ಆಗಲ್ಲ. ಹಂಗಾಗಿ ಇವನ್ನೆಲ್ಲ ಕಿತ್ತು ಹೊಸವು ಹಾಕಾನ."

"ಹಾಕಿದ್ರೆ ಗೆರೆ ಸರಿಯಾಗುತ್ತಾ?"

"ಗೆರೆ ಚೆನ್ನಾಗಿ ಆಗ್ತೈತೆ," ಅಂದವನು ಸ್ವಲ್ಪ ತಡೆದು, "ಆದ್ರೆ ಗುಳಿ ಇರ್ತೈತೋ ಇಲ್ಲೋ, ಅದನ್ನ ನಾನು ಹೇಳಲಾರೆ" ಅಂದ.

ಇದು ಆದದ್ದು ಬೊಮ್ಮಕ್ಕನ ಕೂಸು ಹುಟ್ಟಿದ ವಾರದಲ್ಲೇ. ಬೊಮ್ಮಕ್ಕ ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವವಳು. ಮೊದಲನೆಯ ಬಸಿರು, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಕೂಸು, ಅಂಗೈಯಿಂದ ಮೊಣಕೈವರೆಗೂ ಬಾರದಷ್ಟು. ಬಾಣಂತಿಗೆ ಜ್ವರ ಬೇರೆ. ನಮ್ಮೂರ ಹೆರಿಗೆ ಆಸ್ಪತ್ರೆಯಲ್ಲಿ ಅಂಥ ಕೂಸುಗಳಿಗೆಂದು ಒಂದು ಕಾವಿನ ತೊಟ್ಟಿಲು ಇದೆ. ಕರೆಂಟಿನಲ್ಲಿ ಬೆಚ್ಚಗಿರುತ್ತದೆ, ನಿಂತರೆ ಒಲೆ ಆರಿಸಿದ ಹೆಂಚಿನ ಹಾಗೆ ತಣ್ಣಗಾಗುತ್ತದೆ. ಅದಕ್ಕೇ ಸಿಸ್ಟರ್ ಎಸ್ತೇರಮ್ಮ ದಿನಾ ಬೆಳಿಗ್ಗೆ ನನ್ನ ರಂಗೋಲಿ ನೋಡಲು ತಾನೇ ಬರುತ್ತಿದ್ದಳು. ಗುಳಿ ಆಳವಿದ್ದರೆ ಮಧ್ಯಾಹ್ನದೊಳಗೆ ನೀರು ಕಾಯಿಸಿ, ಬಾಟಲಿ ತುಂಬಿ, ಬಟ್ಟೆ ಬಿಸಿಮಾಡಿ ಸಿದ್ಧವಾಗಿರುತ್ತಿದ್ದಳು. ಕರೆಂಟು ಹೋದ ಮೇಲೆ ಒಲೆ ಹಚ್ಚಿದರೆ ಅಷ್ಟರಲ್ಲಿ ಕೂಸು ನೀಲಿಯಾಗುತ್ತದೆ.

"ನಿಮ್ಮ ಪೆಟ್ಟಿಗೆ ಏನಾದ್ರೂ ಮಾಡಿಕೊಳ್ಳಿ, ನನ್ನ ಗುಳಿ ಮಾತ್ರ ಮುಟ್ಟಬೇಡಿ," ಅಂದಳು ಎಸ್ತೇರಮ್ಮ.

ಆರಾಧ್ಯ ಮೇಷ್ಟ್ರೂ ಅದನ್ನೇ ಅಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಗೆರೆಪೆಟ್ಟಿಗೆಯ ಮೇಲೆ ಅವರಿಗೆ ಹೆತ್ತ ತಾಯಿಯ ಮೇಲಿದ್ದಷ್ಟು ಭಕ್ತಿ. "ಮೌಲಾಲಿ, ಒಂದು ತುಂಡು ಕಿತ್ತರೂ ಅದು ಆ ಪೆಟ್ಟಿಗೆಯಲ್ಲ. ಆ ಬೆಸುಗೆ ಯಾರ ಕೈಯದು, ಆ ತಂತಿ ಯಾರು ಮಡಿಸಿದ್ದು, ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೀಳಬಾರದು. ಸುಡುವ ಭಯ ಇದ್ದರೆ ಸ್ವಿಚ್ಚು ಹಾಕುವುದು ಬಿಡೋಣ. ಇರುವ ಹಾಗೇ ಇರಲಿ, ಮುಂದೆ ಹೆಚ್ಚು ತಿಳಿದವರು ಬಂದು ನೋಡಲಿ."

"ಸ್ವಿಚ್ ಹಾಕದ ಪೆಟ್ಟಿಗೆ ಇಟ್ಕೊಂಡು ಏನ್ ಮಾಡ್ತೀರಿ ಮೇಷ್ಟ್ರೇ, ಅರಿಶಿನ ಕುಂಕುಮ ಹಚ್ತೀರಾ?"

"ನಿನ್ನ ಅಂಗಡಿಯಲ್ಲಿ ರಿಪೇರಿಗೆ ಬಂದ ರೇಡಿಯೋಗಳಿಗೆ ಅದೂ ಇಲ್ಲವಲ್ಲ, ಜೇಡ ಕಟ್ಟಿಸಿಕೊಂಡು ಕೂತಿವೆ."

ಮೌಲಾಲಿ ನಕ್ಕು ಬೀಡಾ ಉಗುಳಲು ಹೊರಗೆ ಹೋದ. ಬಂದವನೇ, "ಆ ಗುಳಿ ಬಂಡೇದೋ ಪೆಟ್ಟಿಗೇದೋ, ಅದನ್ನೊಂದು ನೋಡಿಬಿಡಾನ" ಅಂದ.

ನಾವು ಯಾರೂ ಹಾಗೆ ಯೋಚಿಸಿಯೇ ಇರಲಿಲ್ಲ. ಗಾಜಿನಲ್ಲಿ ಕಂಡದ್ದು ಬಂಡೆಯದ್ದು ಅಂತಲೇ ಎಲ್ಲರ ಎಣಿಕೆ. ಕನ್ನಡಿಯಲ್ಲಿ ಕಂಡ ಮಚ್ಚೆ ಕನ್ನಡಿಯದ್ದೂ ಆಗಿರಬಹುದು ಅಂತ ಯಾರಿಗೆ ಹೊಳೆಯುತ್ತದೆ? ಮೌಲಾಲಿ ಭಜನೆ ಮನೆಯಿಂದ ಶ್ರುತಿಪೆಟ್ಟಿಗೆ ತರಿಸಿದ. ಒಂದು ಹಳೆಯ ಸ್ಪೀಕರನ್ನು ಗೆರೆಪೆಟ್ಟಿಗೆಯ ಮೊಳೆಗೆ ತಂತಿ ಹಾಕಿ ಕಟ್ಟಿ, ಆ ಮೊಳೆಗೆ ಬರುತ್ತಿದ್ದ ಬಂಡೆಯ ತಂತಿ ಬಿಡಿಸಿದ; ಪೆಟ್ಟಿಗೆಯನ್ನು ಉರಿಸುವ ತಂತಿ ಹಾಗೇ ಬಿಟ್ಟ. "ಸ್ಪೀಕರ್ ಮುಂದೆ ನುಡಿಸಿದ್ರೆ ಆ ದನಿ ಗೆರೆಯಾಗ್ತೈತೆ. ದನಿಯೊಳಗೆ ಗುಳಿ ಇಲ್ಲ ಅಂತ ನಿಮಗೆ ಗೊತ್ತಲ್ಲ."

ಬಾಗಿಲು ಮುಚ್ಚಿ ಕತ್ತಲೆ ಮಾಡಿದೆವು. ಎಸ್ತೇರಮ್ಮ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವವಳು, ಅವಳೇ ತಿದಿ ಒತ್ತಿದಳು. ಶ್ರುತಿ ಒಂದೇ ಸಮ ಹೊರಟಿತು. ಗಾಜಿನ ಮೇಲೆ ಆ ದನಿ ಎದ್ದು ನಿಂತಿತು. ಕಿವಿಯಲ್ಲಿ ಕೇಳುವುದನ್ನು ಕಣ್ಣಲ್ಲಿ ನೋಡಿದ್ದು ನಾನು ಅದೇ ಮೊದಲು. ಹಸಿರು ಗೆರೆ ಒಂದರ ಹಿಂದೆ ಒಂದು ಬೆಟ್ಟದ ಹಾಗೆ ಎದ್ದು, ಅಲ್ಲೇ ನಡುಗುತ್ತಿತ್ತು. ಬಲಗಡೆಯ ಹೆಗಲ ಮೇಲೆ ಅದೇ ಗುಳಿ.

ಎಸ್ತೇರಮ್ಮ ತಿದಿ ಬಿಟ್ಟಳು, ಗೆರೆ ಮಲಗಿತು.

ಇಷ್ಟು ವರ್ಷ ನಾನು ಬಾಗಿಲ ಮುಂದೆ ಬಿಡಿಸಿದ್ದು ಬಂಡೆಯ ಗುಟ್ಟಲ್ಲ, ಪೆಟ್ಟಿಗೆಯ ಕಾಯಿಲೆ. ಮನಸ್ಸಿಗೆ ಒಂಥರಾ ಆಯಿತು. ಆದರೂ ಒಂದು ಮಾತು ಬಿಡಲಾರದೆ ಕೇಳಿದೆ: "ಕಾಯಿಲೆ ಅಂದ್ರೆ ದಿನಾ ಒಂದೇ ಸಮ ಇರಬೇಕಲ್ಲಪ್ಪ. ಗುಳಿ ಆಳ ಆದ ದಿನವೇ ಕರೆಂಟು ನಿಂತದ್ದು ಹೇಗೆ?"

ಮೌಲಾಲಿ ತಲೆ ಕೆರೆದುಕೊಂಡ. "ನಿನ್ನ ಮಂಡಿನೋವು ಹೆಂಗಜ್ಜಿ? ಮೋಡ ಕಾಣೋಕ್ಕಿಂತ ಮುಂಚೆನೇ ನಿನ್ನ ಮಂಡಿ ಹೇಳ್ತೈತಲ್ಲ. ಬಂಡೆ ಸುಸ್ತಾಗೋ ದಿನ ಕರೆಂಟಿನೊಳಗೆ ಏನೋ ಒಂದು ಇರ್ತೈತೆ, ನಮಗೆ ಕಾಣಲ್ಲ. ಈ ಮುಪ್ಪಾದ ಕಂಡೆನ್ಸರ್‌ಗಳಿಗೆ ಅದು ನೋವಾಗ್ತೈತೆ."

"ಹಾಗಾದರೆ ಆ ನೋವೇ ಅದರ ತಿಳಿವು," ಅಂದರು ಮೇಷ್ಟ್ರು ಮೆಲ್ಲಗೆ. "ಗುಣಪಡಿಸಿದರೆ ತಿಳಿವು ಹೋಗುತ್ತದೆ."

"ಗುಣಪಡಿಸದಿದ್ರೆ ಪೆಟ್ಟಿಗೇನೇ ಹೋಗ್ತೈತೆ," ಅಂದ ಮೌಲಾಲಿ.

ತೀರ್ಮಾನ ಯಾರದ್ದು ಅನ್ನುವುದರಲ್ಲಿ ಊರಿಗೆ ಅನುಮಾನವಿರಲಿಲ್ಲ. ಗಿರಣಿ, ಮದುವೆ, ಐಸ್‌ಕ್ಯಾಂಡಿ ಯಾವುದೂ ಬೊಮ್ಮಕ್ಕನ ಮುಂದೆ ನಿಲ್ಲುವ ಹಾಗಿರಲಿಲ್ಲ. ನಾವು ಆಸ್ಪತ್ರೆಗೆ ಹೋದೆವು. ಬೊಮ್ಮಕ್ಕ ಗೋಡೆಗೆ ಒರಗಿ ಕೂತಿದ್ದಳು, ತಲೆಗೆ ಬಟ್ಟೆ ಬಿಗಿದಿತ್ತು, ಕಣ್ಣು ತೊಟ್ಟಿಲ ಮೇಲಿತ್ತು. ಮೇಷ್ಟ್ರು ತಮ್ಮ ಮಾತು ಹೇಳಿದರು. ಮೌಲಾಲಿ ತನ್ನದು ಹೇಳಿದ. ಎಸ್ತೇರಮ್ಮ ಗುಳಿ ಇಲ್ಲದಿದ್ದರೆ ಏನಾಗಬಹುದು ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳಿದಳು. ಬೊಮ್ಮಕ್ಕ ನನ್ನ ಕಡೆ ತಿರುಗಿದಳು.

"ಅಜ್ಜಿ, ಹಿಂಗೇ ಬಿಟ್ರೆ ಎಷ್ಟು ದಿನ ನಡೀತೈತೆ?"

"ನಾಳೆಯೂ ಸುಡಬಹುದು, ಆರು ತಿಂಗಳೂ ನಡೆಯಬಹುದು ಕಣವ್ವ. ಯಾರಿಗೂ ಗೊತ್ತಿಲ್ಲ."

"ಸ್ವಿಚ್ ಆರಿಸಿಟ್ರೆ ಮೇಷ್ಟ್ರಿಗೆ ಪೆಟ್ಟಿಗೆ ಉಳೀತೈತೆ, ನಂಗೆ ಏನೂ ಉಳಿಯಲ್ಲ. ದಿನಾ ಹಾಕಿದ್ರೆ ಒಂದಿನ ಎಲ್ಲಾರಿಗೂ ಹೋಗ್ತೈತೆ." ಕೈಚಾಚಿ ತೊಟ್ಟಿಲ ಬಟ್ಟೆ ಸರಿಮಾಡಿದಳು. "ಭಟ್ಟೀಲಿ ನಮ್ಮತ್ತೆ ಕೆಮ್ಮಿಕೊಂಡೇ ಹುರಿದ್ಲು. ಅವಳ ಕೆಮ್ಮು ಕೇಳಿ ನಾವು ಮರಳು ಎಷ್ಟು ಕಾದೈತೆ ಅಂತ ಹೇಳ್ತಿದ್ವಿ. ಕೆಲಸಕ್ಕೆ ಅನುಕೂಲ ಆಯ್ತು ಅಂತ ಯಾರೂ ಔಷಧಿ ತರಲಿಲ್ಲ. ರಿಪೇರಿ ಮಾಡ್ರಿ. ಮಧ್ಯಾಹ್ನ ಹೊತ್ತು ಕೂಸನ್ನ ನಾನೇ ಎದೆ ಮೇಲೆ ಹಾಕ್ಕೊಂಡು ಕೂತ್ಕೋತೀನಿ, ಕರೆಂಟ್ ಇರಲಿ ಬಿಡಲಿ."

"ಜ್ವರದಲ್ಲಿ ಎಷ್ಟು ದಿನ ಹಾಗೆ ಕೂರ್ತೀಯಮ್ಮ," ಅಂದಳು ಎಸ್ತೇರಮ್ಮ.

"ಕೂರೋವಷ್ಟು ದಿನ."

ಮೇಷ್ಟ್ರು ಕೇಳಿಕೊಂಡದ್ದು ಒಂದೇ. ಹೊರಗಿನ ಚಿಪ್ಪಾದರೂ ಹಳೆಯದೇ ಇರಲಿ ಅಂತ. ಮೌಲಾಲಿ ಒಪ್ಪಿದ. ಒಂದೊಂದೇ ಉರುಳೆ ಬಿಡಿಸಿ, ಬಿಸಿನೀರಿನ ಪಾತ್ರೆಯ ಮೇಲೆ ಹಿಡಿದು ಮೇಣ ಕರಗಿಸಿ, ಒಳಗಿನ ಕಾಗದದ ಸುರುಳಿ ಎಳೆದು ತೆಗೆದ. ಅದೇ ಚಿಪ್ಪಿನೊಳಗೆ ಕಡಲೆಬೀಜದಷ್ಟೇ ಇದ್ದ ಹೊಸ ಕಂಡೆನ್ಸರ್ ಕೂರಿಸಿ ಮತ್ತೆ ಮೇಣ ಹೊಯ್ದ. ಅವತ್ತು ಕರೆಂಟು ಜೋಲುಬಿದ್ದಿದ್ದರಿಂದ ಬೆಸುಗೆ ಕಬ್ಬಿಣವನ್ನು ಚೌಡಪ್ಪನ ಕೆಂಡದಲ್ಲಿ ಕಾಯಿಸಿಕೊಂಡ. ಮೇಷ್ಟ್ರು ಪಕ್ಕದಲ್ಲಿ ಕೂತು ಹಿಡಿಯಬೇಕಾದ್ದನ್ನು ಹಿಡಿದರು. ಎಳೆದು ತೆಗೆದ ಸುರುಳಿಗಳನ್ನು, ಹರಿದುಹೋದವನ್ನೂ ಬಿಡದೆ, ಒಂದು ಗಾಜಿನ ಭರಣಿಗೆ ತುಂಬಿಕೊಂಡರು. ಗುಂಡಿಯ ಬುಡದ ಮೇಣವನ್ನೂ ಮೌಲಾಲಿ ಕೆರೆದು ತೆಗೆದ. ನನ್ನ ಕಾಲದಲ್ಲಿ ತಿರುಗದಿದ್ದ ಗುಂಡಿ ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ ತಿರುಗಿತು. "ಇದು ಗೆರೆಯ ಓಟದ ಗುಂಡಿ," ಅಂದ. "ಬೇಕಾದಷ್ಟು ನಿಧಾನ ಮಾಡಬಹುದು."

ಮಾರನೆಯ ಬೆಳಿಗ್ಗೆ ಸ್ವಿಚ್ಚು ಹಾಕಲು ನಾನು ಹೋದಾಗ ಗೆರೆಮನೆಯ ಮುಂದೆ ಜನ ನಿಂತಿದ್ದರು. ಚಪ್ಪಲಿ ಹೊರಗೇ ಬಿಟ್ಟು ಒಬ್ಬೊಬ್ಬರೇ ಒಳಗೆ ಬಂದರು, ಯಾರೂ ಹೇಳಿರಲಿಲ್ಲ. ಮೌಲಾಲಿ ಪೆಟ್ಟಿಗೆಗೆ ಬರುವ ತಂತಿಯ ನಡುವೆ ಒಂದು ಬಲ್ಬು ಸಿಕ್ಕಿಸಿದ್ದ, ಪೆಟ್ಟಿಗೆಗೆ ಒಮ್ಮೆಲೇ ಏಟು ಬೀಳದಿರಲಿ ಅಂತ. ಬಲ್ಬು ಮೊದಲು ಹೊಳೆದು, ಆಮೇಲೆ ತಾನೇ ಮಂಕಾಯಿತು. ಚುಕ್ಕೆ ಮೂಡಿತು. ಅದರ ನಂತರ ಕಂಡದ್ದನ್ನು ಹೇಗೆ ಬರೆಯಬೇಕೋ ತಿಳಿಯದು. ನಾನು ನೋಡುತ್ತಿದ್ದದ್ದು ಇಷ್ಟು ದಿನವೂ ಹೊಗೆಯ ಹಿಂದಿನ ದೀಪ. ಇವತ್ತು ದೀಪವೇ ಬಂತು. ಗೆರೆ ಗಾಜಿನ ಈ ಅಂಚಿನಿಂದ ಆ ಅಂಚಿಗೆ, ಕೂದಲೆಳೆಯಷ್ಟು ತೆಳ್ಳಗೆ, ದುಂಡಗೆ, ಒಂದು ಕಡೆಯೂ ಮುರಿಯದೆ ತೂಗುತ್ತಿತ್ತು. ಆ ಹಸಿರು ಎಲ್ಲರ ಮುಖದ ಮೇಲೂ ಬಿದ್ದಿತ್ತು. ರುದ್ರಪ್ಪ ಎಂದೂ ಕೈಮುಗಿಯದವನು, ಕೈ ಎಲ್ಲಿಡಬೇಕೋ ತಿಳಿಯದೆ ಬಗಲಲ್ಲಿ ಸಿಕ್ಕಿಸಿಕೊಂಡ. ಹೆಗಲ ಮೇಲೆ ಗುಳಿ ಇರಲಿಲ್ಲ.

ಹೊರಗೆ ಬಂದು ಬಿಡಿಸಿದೆ. ಗುಳಿ ಬೀಳಬೇಕಾದ ಕಡೆ ನನ್ನ ಬೆರಳು ಅಭ್ಯಾಸದಿಂದ ತಡೆಯಿತು. ತಡೆದರೂ ಮುಂದೆ ಹೋಯಿತು.

ಆಮೇಲೆ ಆದದ್ದು ನಮ್ಮೂರಿನವರು ಮಾತ್ರ ಮಾಡುವಂಥ ತಪ್ಪು. ಗುಳಿ ಇನ್ನು ಬರುವುದೇ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆಯೇ ವಾರವೆಲ್ಲ ವಾದ ನಡೆದಿತ್ತು. ಆದರೆ ಕಣ್ಣು ವಾದ ಕೇಳುವುದಿಲ್ಲ. ನೆಲದ ಮೇಲೆ ಗುಳಿಯಿಲ್ಲದ ದುಂಡುಗೆರೆ ಕಂಡದ್ದೇ ತಡ, ಊರಿನ ಎದೆಯೊಳಗೆ ಹಳೆಯ ನಂಬಿಕೆ ತಾನಾಗಿ ಎದ್ದಿತು: ಇವತ್ತು ಕರೆಂಟು ನಿಲ್ಲುವುದಿಲ್ಲ. ಗಿರಣಿ ಹೊರಟಿತು. ಐಸ್‌ಕ್ಯಾಂಡಿಯವನು ಅಚ್ಚು ತುಂಬಿದ. ಆಸ್ಪತ್ರೆಯಲ್ಲಿ ಎಸ್ತೇರಮ್ಮ, "ಇವತ್ತು ಹೆಗಲು ನುಣ್ಣಗಿದೆ, ನೀನು ಮಲಗಮ್ಮ" ಅಂದಳು. ಜ್ವರದ ಬೊಮ್ಮಕ್ಕ ಮಲಗಿದಳು. ನಾನೂ ಮನೆಗೆ ಹೋಗಿ ಮುದ್ದೆ ಉಂಡೆ.

ಊಟದ ಹೊತ್ತು ಕಳೆದು ಕರೆಂಟು ನಿಂತಿತು.

ಆಸ್ಪತ್ರೆಯ ಒಲೆಯಲ್ಲಿ ಬೆಂಕಿ ಇರಲಿಲ್ಲ, ಬಾಟಲಿ ಖಾಲಿ. ನಾನು ಏದುಸಿರು ಬಿಡುತ್ತಾ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೊಮ್ಮಕ್ಕ ಕುಪ್ಪಸ ಹರಿದು ಕೂಸನ್ನು ಎದೆಗೆ ಅಂಟಿಸಿಕೊಂಡು ಕೂತಿದ್ದಳು. ಎಸ್ತೇರಮ್ಮ ಸಿಕ್ಕಿದ ಕಂಬಳಿಯನ್ನೆಲ್ಲ ತಾಯಿ ಮಗಳ ಮೇಲೆ ಹೊದಿಸಿ, ಒಳಗೆ ಕೈಹಾಕಿ ಪುಟ್ಟ ಪಾದ ತಿಕ್ಕುತ್ತಿದ್ದಳು. ಪಾದ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಎಷ್ಟು ಹೊತ್ತಿನ ಮೇಲೋ ಎಸ್ತೇರಮ್ಮ ತನ್ನ ಕೈ ತೆಗೆದು, ಆ ಕೈಯನ್ನೇ ಮುಖಕ್ಕೆ ಒತ್ತಿಕೊಂಡು, "ಬಿಸಿಯಾಯ್ತು" ಅಂದಳು.

ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಜನ ಮೌಲಾಲಿಯನ್ನು ಬಿಡಲಿಲ್ಲ. "ಹಳೇವನ್ನೇ ವಾಪಸ್ ಹಾಕಯ್ಯ," ಅಂದ ರುದ್ರಪ್ಪ. ಮೌಲಾಲಿ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಭರಣಿಯನ್ನು ಎತ್ತಿ ತೋರಿಸಿದರು. ಹರಿದ ಕಾಗದ, ಮುರಿದ ತಗಡು. ನಾನೇ ಹೇಳಿದ್ದೆನಲ್ಲ ಅನ್ನುವ ಮಾತು ಅವರ ಬಾಯಲ್ಲಿ ಇದ್ದಿರಬೇಕು, ಆದರೆ ಆಡಲಿಲ್ಲ. ಅವರು ಅಂದದ್ದು, "ಇನ್ನು ಆಗುವುದಿಲ್ಲ. ಯಾರೂ ಮೌಲಾಲಿಯನ್ನು ಅನ್ನಬೇಡಿ."

ಕಂಬಳಿಯ ಒಳಗಿನಿಂದ ಬೊಮ್ಮಕ್ಕ ಮಾತಾಡಿದಳು. ದನಿ ಸೋತಿತ್ತು. "ಆ ಗೆರೆ ಸುಳ್ಳು ಹೇಳಲಿಲ್ಲ. ನಾವು ಅದನ್ನ ಹಳೇದು ಅಂದ್ಕೊಂಡು ಓದಿದ್ವಿ. ಅಜ್ಜಿ, ಅದ್ರಾಗೆ ಏನೋ ಇದ್ದಿರ್ತೈತೆ. ಬಂಡೇದು ಬಂಡೆಯೇ ಹೇಳ್ತಿರ್ತೈತೆ. ನೀನೊಂದಿನ ಅದರ ಮುಂದೆ ಕೂತ್ಕೋ. ಬೆಳಿಗ್ಗೆ ಒಂದು ಸಲ ನೋಡಿ ಎದ್ದು ಬರಬ್ಯಾಡ. ಕೂತ್ಕೋ."

ಮರುದಿನ ರಂಗೋಲಿ ಬಿಡಿಸಲಿಲ್ಲ. ಗೆರೆಮನೆಯ ನೆಲ ಬರಿದೇ ಇತ್ತು. ಬಂದವರು ಬಗ್ಗಿ ನೋಡಿ, ಏನೂ ಇಲ್ಲದ್ದು ಕಂಡು, ನನ್ನ ಮುಖ ನೋಡಿ ಹೋದರು. ನಾನು ಗಾಜಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಂದು ಸ್ಟೂಲ್ ಎಳೆದುಕೊಂಡರು. "ನನಗೂ ಗೊತ್ತಿಲ್ಲಮ್ಮ, ಸುಮ್ಮನೆ ಕೂರುತ್ತೇನೆ" ಅಂದರು. ಮೌಲಾಲಿ ಅಂಗಡಿ ತೆರೆಯದೆ ಬಾಗಿಲಿಗೆ ಒರಗಿ ನಿಂತ.

ಗೆರೆ ನಿಂತಲ್ಲೇ ತೂಗುತ್ತಿತ್ತು. ಎಷ್ಟು ನೋಡಿದರೂ ಅದು ಹಾಗೇ. ಕೈ ಸುಮ್ಮನಿರಲಾರದೆ ಎಡತುದಿಯ ಗುಂಡಿ ಹಿಡಿದು ತಿರುಗಿಸಿದೆ. ಗೆರೆಯ ಓಟ ನಿಧಾನವಾಯಿತು. ಇನ್ನಷ್ಟು ತಿರುಗಿಸಿದೆ. ಅಲೆಗಳು ಒಂದಕ್ಕೊಂದು ಒತ್ತಿಕೊಂಡವು, ಸೇರಿಕೊಂಡವು, ಕೊನೆಗೆ ಗೆರೆಯೇ ಇಲ್ಲದೆ ಗಾಜಿನ ತುಂಬ ಅಗಲವಾದ ಹಸಿರು ಪಟ್ಟಿ ಹಾಸಿಕೊಂಡಿತು. ಕೆಟ್ಟಿತು ಅಂದುಕೊಂಡು ಹಿಂದಕ್ಕೆ ತಿರುಗಿಸಲು ಹೋದೆ. ಅಷ್ಟರಲ್ಲಿ ಪಟ್ಟಿಯ ಅಂಚು ಅಲ್ಲಾಡಿತು. ಮೇಲಿನ ಅಂಚು ಮೇಲಕ್ಕೆ, ಕೆಳಗಿನ ಅಂಚು ಕೆಳಕ್ಕೆ, ನಿಧಾನವಾಗಿ ಹಿಗ್ಗಿತು. ಹಿಗ್ಗಿ ನಿಂತಿತು. ಮತ್ತೆ ಅಷ್ಟೇ ನಿಧಾನವಾಗಿ ಕುಗ್ಗಿತು. ಮಲಗಿದವರ ಹೊಟ್ಟೆ ನೋಡಿದ ಹಾಗೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೌಲಾಲಿ," ಅಂದೆ, "ಇದು ಉಸಿರಾಡ್ತೈತೆ."

ಅವನು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ಬಾಯಲ್ಲಿದ್ದ ಬೀಡಾ ಜಗಿಯುವುದು ಮರೆತಿದ್ದ. ನಾವು ಮೂವರೂ ಎಷ್ಟು ಹೊತ್ತು ಹಾಗಿದ್ದೆವೋ. ಬಂಡೆಯ ಮೇಲೆ ನಾವು ಚಿಕ್ಕಂದಿನಲ್ಲಿ ಜಾರಿದ್ದೇವೆ, ಸಂಡಿಗೆ ಒಣಹಾಕಿದ್ದೇವೆ, ಬಟ್ಟೆ ಒಗೆದಿದ್ದೇವೆ. ಅದು ಕಲ್ಲು ಅಂತಲೇ ತಿಳಿದಿದ್ದೆವು. ಕಲ್ಲೇ ಹೌದು. ಕಲ್ಲೇ ಹೀಗೆ ನಮ್ಮ ಮನೆಮನೆಯ ಬಲ್ಬಿನಲ್ಲಿ ಉಸಿರು ಬಿಡುತ್ತಾ, ಎಳೆಯುತ್ತಾ ಮಲಗಿತ್ತು. ಗಿರಣಿ ಶುರುಮಾಡಬಹುದೋ ಅಂತ ಕೇಳಲು ರುದ್ರಪ್ಪ ಬಂದ. ನಮ್ಮ ಹಿಂದೆ ನಿಂತು ಒಂದು ಉಸಿರು ನೋಡಿದ, ಎರಡು ನೋಡಿದ. ಕೇಳಬೇಕಾದ್ದನ್ನು ಕೇಳದೆ ಹಿಂದಕ್ಕೆ ಹೋದ. ಅವತ್ತು ಗಿರಣಿ ಹೊರಟದ್ದು ಬಹಳ ತಡವಾಗಿ, ಅದೂ ಒಂದೇ ಕಲ್ಲು.

ಬಿಸಿಲು ಏರಿತು. ನಾನು ಎದ್ದಿರಲಿಲ್ಲ. ಮನೆಯಿಂದ ಬುತ್ತಿ ಬಂದರೂ ಮುಟ್ಟಲಿಲ್ಲ; ಕಣ್ಣು ತೆಗೆದರೆ ಒಂದು ಉಸಿರು ತಪ್ಪುತ್ತದೆ. ಬೆಳಿಗ್ಗೆಯಿಂದ ನೋಡಿ ನೋಡಿ ಅದರ ಹದ ಮೈಗೆ ಹತ್ತಿತ್ತು. ಅದಕ್ಕೇ ಮೊದಲು ಗೊತ್ತಾದದ್ದು ನನಗೆ. ಪಟ್ಟಿ ಹಿಗ್ಗುವಾಗ ಗಾಜಿನ ಅಂಚಿನವರೆಗೆ ಹೋಗಲಿಲ್ಲ. ಮುಂದಿನದು ಇನ್ನೂ ಸ್ವಲ್ಪ ಒಳಗೇ ನಿಂತಿತು. ಕುಗ್ಗಿದ ಮೇಲೆ ಮತ್ತೆ ಏಳಲು ಹಿಂದುಮುಂದು ನೋಡುತ್ತಿತ್ತು. ಅವಸರ ಮಾಡಬಾರದು ಅಂತ ಇನ್ನೊಂದು ಉಸಿರು ಕಾದೆ. ಅದು ಇನ್ನೂ ಚಿಕ್ಕದಾಗಿ, ಮೇಲುಮೇಲೆ ಬಂತು.

"ಸುಸ್ತಾಗೈತೆ," ಅಂದೆ. "ನಿಲ್ಲುತ್ತೆ. ಆಸ್ಪತ್ರೆಗೆ ಹೇಳ್ರಿ."

"ಖಾತ್ರಿಯೇನಮ್ಮ?" ಅಂದರು ಮೇಷ್ಟ್ರು.

"ಇಲ್ಲ. ಹೇಳ್ರಿ."

ಮೌಲಾಲಿ ಬೀದಿಗೆ ಹೋಗಿ ಕೂಗಿದ. ಇಸ್ತ್ರಿ ಅಂಗಡಿಯಿಂದ ಚೌಡಪ್ಪ ಆ ಕೂಗನ್ನು ಎತ್ತಿಕೊಂಡು ಬಳೆ ಅಂಗಡಿಗೆ ದಾಟಿಸಿದ, ಬಳೆ ಅಂಗಡಿಯವಳು ಆಸ್ಪತ್ರೆಯ ಗೇಟಿಗೆ. "ಕೂಸು ಎತ್ಕೊಳ್ರೀ" ಅನ್ನುವುದು ಬೀದಿಯುದ್ದಕ್ಕೂ ಬೇರೆ ಬೇರೆ ಗಂಟಲಲ್ಲಿ ಹೋಯಿತು. ನಾನು ಗಾಜು ಬಿಟ್ಟು ಕದಲಲಿಲ್ಲ. ಪಟ್ಟಿ ಸಣ್ಣದಾಗುತ್ತಾ ಬಂತು. ಹೆಬ್ಬೆರಳಷ್ಟು, ಕಿರುಬೆರಳಷ್ಟು. ಆ ಕಡೆಯಿಂದ ಮಾತು ಹಿಂದಕ್ಕೆ ಬಂತು, ಮೊದಲು ಬಳೆ ಅಂಗಡಿಯವಳ ದನಿಯಲ್ಲಿ, ಆಮೇಲೆ ಚೌಡಪ್ಪನ ದನಿಯಲ್ಲಿ: ಎತ್ತಿಕೊಂಡರಂತೆ, ಎದೆಗೆ ಹಾಕಿಕೊಂಡಳಂತೆ, ನೀರು ಕಾದಿದೆಯಂತೆ. ಪಟ್ಟಿ 'ಒಂದು ಸಲ ಏಳಲೋ' ಅನ್ನುವ ಹಾಗೆ ನಡುಗಿತು. ಏಳಲಿಲ್ಲ. ಚುಕ್ಕೆಯಾಗಿ, ಚುಕ್ಕೆಯೂ ಆರಿತು.

ಕಂಬದ ಗುಂಯ್ ಸದ್ದು, ಗಿರಣಿ, ಫ್ಯಾನು, ಎಲ್ಲ ಒಂದೇ ಏಟಿಗೆ ನಿಂತವು. ಅಂಥ ಮೌನದಲ್ಲಿ ನಮ್ಮೂರಿನಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಬಿಸಿ ಪೆಟ್ಟಿಗೆ ಟಿಕ್ ಟಿಕ್ ಎಂದು ತಣ್ಣಗಾಗುತ್ತಿತ್ತು. ಅದನ್ನು ಕೇಳುತ್ತಾ ಕೂತಿದ್ದೆವು.

ಆಗ ಆಸ್ಪತ್ರೆಯ ಕಡೆಯಿಂದ ಅಳು ಬಂತು.

ಆ ಕೂಸು ಹುಟ್ಟಿದಾಗಿನಿಂದ ಬೆಕ್ಕಿನ ಮರಿಯ ಹಾಗೆ ಕುಂಯ್ ಅನ್ನುತ್ತಿತ್ತೇ ಹೊರತು ಅತ್ತಿರಲಿಲ್ಲ. ಅಳುವುದಕ್ಕೆ ಬೇಕಾದಷ್ಟು ಗಾಳಿ ಅದರೊಳಗೆ ಇರಲಿಲ್ಲ. ಬೆಚ್ಚಗೆ ಮಲಗಿದ್ದವಳನ್ನು ಎಬ್ಬಿಸಿದ್ದಕ್ಕೋ ಏನೋ, ಈಗ ಸಿಟ್ಟಿನಿಂದ ಅಳುತ್ತಿತ್ತು. ನಡುವೆ ತಡೆದು, ಉಸಿರು ಎಳೆದುಕೊಂಡು, ಮತ್ತೆ ಮೊದಲಿನಿಂದ. ಇಡೀ ಬೀದಿಗೆ ಬೇರೆ ಯಾವ ಸದ್ದೂ ಇರಲಿಲ್ಲ. ಮೌಲಾಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೇಷ್ಟ್ರು ಬಾಗಿಲ ತನಕ ಹೋಗಿ, ಹೊಸ್ತಿಲು ದಾಟದೆ, ಅಲ್ಲೇ ನಿಂತರು.

"ಯಾರೂ ಸಮಾಧಾನ ಮಾಡಬ್ಯಾಡ್ರವ್ವ," ಅಂತ ಚೌಡಪ್ಪ ಬೀದಿಯಿಂದ ಹೇಳಿದ್ದು ಕೇಳಿಸಿತು. "ಅಳ್ಲಿ ಬಿಡ್ರಿ."

ಕರೆಂಟು ಬರುವವರೆಗೂ ಅದು ಅತ್ತಿತು. ಊರು ಕೇಳುತ್ತಾ ಕೂತಿತ್ತು.